ಗೇಟಿಗೆ ತೂಗುಹಾಕಿದ್ದ ಪಾಸ್‌ವರ್ಡ್

ಮಾನ್ಯ ಸಂಪಾದಕರೇ,

ಕಲಬುರಗಿಯ ಬ್ರಹ್ಮಪುರದಲ್ಲಿ ನಮ್ಮ ಮನೆ. ಮಾಳಿಗೆಯ ಕೋಣೆ ಖಾಲಿಯಾದಾಗ ಗೇಟಿಗೆ ಹಲಗೆ ತೂಗುಹಾಕಿ, ‘ಬಾಡಿಗೆಗೆ ಇದೆ’ ಎಂಬುದರ ಕೆಳಗೆ ನನ್ನ ಮೊಬೈಲ್ ನಂಬರನ್ನು ದಪ್ಪ ಅಂಕಿಗಳಲ್ಲಿ ಬರೆಸಿದ್ದೆ. ಕಳೆದ ವರ್ಷ ಇಂಟರ್‌ನೆಟ್ ಜೋಡಿಸಲು ಬಂದ ಹುಡುಗ ವೈಫೈ ಪಾಸ್‌ವರ್ಡ್ ಆಗಿ ಇಟ್ಟದ್ದೂ ಅದೇ ಹತ್ತಂಕಿಯನ್ನು. ವೈಫೈಗೆ ಇಟ್ಟದ್ದು ಮನೆಯದೇ ಹೆಸರು. ‘ನೆನಪಿಡಲು ಸುಲಭ, ಕಾಕಾ’ ಎಂದ. ಖಜಾನೆಯ ಭದ್ರತಾ ಕೊಠಡಿಯ ಎರಡೂ ಕೀಲಿಕೈ ಒಬ್ಬರ ಬಳಿ ಇರಕೂಡದೆಂದು ಮೂವತ್ತು ವರ್ಷ ಹಟ ಹಿಡಿದ ನಾನು ಅವತ್ತು ಸುಮ್ಮನೆ ತಲೆಯಾಡಿಸಿದೆ.

ಈ ಬೇಸಿಗೆಗೆ ಬೆಂಗಳೂರಿನಿಂದ ಬಂದ ಮೊಮ್ಮಗಳು, ಪಾಠದ ವಿಡಿಯೊ ಮತ್ತೆ ಮತ್ತೆ ನಿಲ್ಲುವುದನ್ನು ಕಂಡು ವೈಫೈ ಹಂಚುವ ಪೆಟ್ಟಿಗೆಯಾದ ರೂಟರಿನ ಒಳಪುಟವನ್ನು, ಎಂದರೆ ಅದರ ಸೆಟ್ಟಿಂಗ್ ಬದಲಿಸುವ ಪುಟವನ್ನು, ತೆರೆದಳು. ಅದರ ಬಳಕೆದಾರ ಹೆಸರೂ ‘ಅಡ್ಮಿನ್’, ಪಾಸ್‌ವರ್ಡೂ ‘ಅಡ್ಮಿನ್’. ವೈಫೈಗೆ ಸೇರಿಕೊಂಡವುಗಳ ಪಟ್ಟಿಯಲ್ಲಿ ಹದಿನಾಲ್ಕು ಸಾಧನಗಳಿದ್ದವು. ನಮ್ಮವು ಐದೇ. ಉಳಿದವುಗಳಲ್ಲಿ ಒಂದು ಟಿವಿ! ನಮ್ಮ ಟಿವಿಗೆ ವೈಫೈ ಎಂದರೇನೆಂದೇ ತಿಳಿಯದು.

ಅಂದು ಸಂಜೆ ಇಬ್ಬರೂ ಕೂತು ಒಂದೊಂದೇ ಸರಿಪಡಿಸಿದೆವು. ಮೊದಲು ಒಳಪುಟದ ಪಾಸ್‌ವರ್ಡ್. ನಂತರ ಭದ್ರತೆಯ ಬಗೆ, ಎಂದರೆ ವೈಫೈಯಲ್ಲಿ ಹೋಗುವ ಮಾಹಿತಿಗೆ ಹಾಕುವ ಬೀಗ. 1997ರ ಡಬ್ಲ್ಯೂಇಪಿ 2001ರಲ್ಲೇ ಒಡೆದುಹೋದ ಬೀಗ. 2003ರ ಡಬ್ಲ್ಯೂಪಿಎ ಅದಕ್ಕೆ ಹಾಕಿದ ತಾತ್ಕಾಲಿಕ ತೇಪೆ. ಎರಡನ್ನೂ ಮುಟ್ಟಬಾರದು. 2004ರ ಡಬ್ಲ್ಯೂಪಿಎ-2 ಆದರೆ ಜೊತೆಗೆ ‘ಎಇಎಸ್’ ಎಂಬ ಗೂಢಲಿಪಿಯ ವಿಧಾನ ಇರಬೇಕು, ಹಳೆಯ ‘ಟಿಕೆಐಪಿ’ ಅಲ್ಲ. 2018ರಲ್ಲಿ ಬಂದ ಡಬ್ಲ್ಯೂಪಿಎ-3 ಎಲ್ಲಕ್ಕಿಂತ ಮೇಲು. ಆದರೆ ನನ್ನಾಕೆಯ ಹಳೆಯ ಫೋನು ಅದನ್ನು ಒಪ್ಪಲಿಲ್ಲ. ಹಾಗಾಗಿ ಎರಡು ಮತ್ತು ಮೂರು ಕೂಡಿದ ಆಯ್ಕೆ ಹಾಕಿಕೊಂಡೆವು.

ಪಾಸ್‌ವರ್ಡ್ ಬರೆಯದೆಯೇ ಸಾಧನಗಳನ್ನು ವೈಫೈಗೆ ಸೇರಿಸುವ ಡಬ್ಲ್ಯೂಪಿಎಸ್ ಎಂಬ ಗುಂಡಿಯ ಲೆಕ್ಕ ಕೇಳಿ ನನಗೆ ಕಚೇರಿಯ ದಿನಗಳು ನೆನಪಾದವು. ಅದಕ್ಕೆ ಎಂಟಂಕಿಯ ಪಿನ್ ಇರುತ್ತದೆ. ಎಂಟಂಕಿ ಎಂದರೆ ಹತ್ತು ಕೋಟಿ ಸಾಧ್ಯತೆ, ಭದ್ರವೇ ಅನಿಸುತ್ತದೆ. ಆದರೆ ರೂಟರು ಮೊದಲ ನಾಲ್ಕಂಕಿ ಸರಿಯೋ ತಪ್ಪೋ ಎಂಬುದನ್ನು ಪ್ರತ್ಯೇಕವಾಗಿ ಹೇಳಿಬಿಡುತ್ತದೆ. ಅಲ್ಲಿಗೆ ಹತ್ತು ಸಾವಿರ. ಕೊನೆಯ ಅಂಕಿ ಹಿಂದಿನ ಏಳನ್ನು ಲೆಕ್ಕ ಹಾಕಿದರೆ ತಾನೇ ಸಿಗುವಂಥದ್ದು, ಆದ್ದರಿಂದ ಉಳಿದದ್ದು ಮೂರಂಕಿ, ಸಾವಿರ. ಒಟ್ಟು 11,000 ಪ್ರಯತ್ನ. ಹತ್ತು ಕೋಟಿ ಹನ್ನೊಂದು ಸಾವಿರಕ್ಕೆ ಇಳಿಯುವ ಇಂಥ ಲೆಕ್ಕವನ್ನು ನಮ್ಮ ಲೆಕ್ಕಪರಿಶೋಧಕರು ಕಂಡಿದ್ದರೆ ಕಡತವನ್ನೇ ಮುಖಕ್ಕೆ ಎಸೆಯುತ್ತಿದ್ದರು. ಈ ದೋಷ 2011ರಲ್ಲೇ ಬಯಲಾದರೂ ನಮ್ಮ ರೂಟರಿನಲ್ಲಿ ಗುಂಡಿ ಚಾಲೂ ಇತ್ತು. ಬಂದ್ ಮಾಡಿದೆವು.

ವೈಫೈ ಹೆಸರು ಮರೆಮಾಡಿದರೆ ಸಾಕು ಎಂದು ನಮ್ಮೂರಿನ ಸೂಪರ್ ಮಾರ್ಕೆಟ್ ಪೇಟೆಯ ಅಂಗಡಿಯವರೊಬ್ಬರು ಹೇಳಿದ್ದರು. ಸಾಲದು, ಹುಡುಕುವವರಿಗೆ ಅದು ಕಾಣುತ್ತದೆ.

ಪಾಸ್‌ವರ್ಡಿಗೆ ನಾನು ಒಂದು ವಚನದ ಸಾಲನ್ನು ಆರಿಸಿದ್ದೆ. ಶರಣರ ನಾಡಿನಲ್ಲಿ ಎಲ್ಲರಿಗೂ ಬಾಯಿಪಾಠವಾದದ್ದು ಗುಟ್ಟಾಗುತ್ತದೆಯೇ ಎಂದು ಮೊಮ್ಮಗಳು ನಕ್ಕಳು. ಕೊನೆಗೆ ಒಂದಕ್ಕೊಂದು ಸಂಬಂಧವಿಲ್ಲದ ಐದು ಪದಗಳನ್ನು ಜೋಡಿಸಿದೆವು. ಎಂಟರಿಂದ ಅರವತ್ತಮೂರು ಅಕ್ಷರಗಳವರೆಗೆ ಅವಕಾಶವಿದೆ. ಬರಿಯ ಹತ್ತಂಕಿಯ ಪಾಸ್‌ವರ್ಡನ್ನಾದರೆ, ಹಲಗೆ ನೋಡದವನೂ ಬಲವಾದ ಕಂಪ್ಯೂಟರಿನಿಂದ ಕೆಲವೇ ಗಂಟೆಗಳಲ್ಲಿ ಕಂಡುಹಿಡಿಯಬಲ್ಲ.

ನೆರೆಯವರ ಮಾತು ಬೇರೆ. ಮೊಸರಿಗೆ ಹೆಪ್ಪು ಕೇಳಿ ಬಂದವರನ್ನು ಬರಿಗೈಯಲ್ಲಿ ಕಳಿಸುವ ರೂಢಿ ನಮ್ಮ ಓಣಿಯಲ್ಲಿಲ್ಲ. ವೈಫೈ ಕೇಳಿದರೆ ಇಲ್ಲವೆನ್ನುವುದು ಹೇಗೆ? ರೂಟರಿನಲ್ಲಿ ಅತಿಥಿಗಳಿಗೆಂದೇ ಇನ್ನೊಂದು ವೈಫೈ ತೆರೆಯುವ ಸೌಲಭ್ಯವಿದೆ. ಅದರ ಪಾಸ್‌ವರ್ಡ್ ಬೇರೆ, ಅಲ್ಲಿಂದ ನಮ್ಮ ಕಂಪ್ಯೂಟರಿಗೆ ದಾರಿ ಇರುವುದಿಲ್ಲ. ಪಕ್ಕದ ಮನೆಯ ಹುಡುಗಿ ಪರೀಕ್ಷೆಗೆ ಓದುವುದು ಈಗ ಅದರಲ್ಲೇ. ಹಾಗೆಂದು ಗುರುತಿಲ್ಲದವರಿಗೆಲ್ಲ ಅದನ್ನು ಹಂಚಲಾರೆ. 2008ರ ಜುಲೈನಲ್ಲಿ ಅಹಮದಾಬಾದ್ ಸ್ಫೋಟದ ಬೆದರಿಕೆ ಇಮೇಲ್ ಹೋದದ್ದು ನವಿ ಮುಂಬೈನ ಒಂದು ಫ್ಲ್ಯಾಟಿನ ಬೀಗವಿಲ್ಲದ ವೈಫೈನಿಂದ. ಪೊಲೀಸರು ಮೊದಲು ತಟ್ಟಿದ್ದು ಸಂಪರ್ಕ ಯಾರ ಹೆಸರಿನಲ್ಲಿತ್ತೋ ಅವರ ಬಾಗಿಲನ್ನೇ.

ಸಂಪರ್ಕ ಕೊಡುವ ಕಂಪನಿಗಳು ಗುರುತಿನ ಚೀಟಿ, ಫೋಟೊ, ಒಟಿಪಿ ಎಲ್ಲ ಕೇಳುತ್ತವೆ. ಪಾಸ್‌ವರ್ಡನ್ನು ಮನೆಯವರ ಕೈಯಿಂದಲೇ ಹಾಕಿಸಿ, ಒಳಪುಟ ತೆರೆಯುವುದು ಹೇಗೆಂದು ಕನ್ನಡದಲ್ಲಿ ಅಚ್ಚು ಹಾಕಿದ ಒಂದು ಚೀಟಿ ಕೊಟ್ಟು ಹೋಗಲು ಅವುಗಳಿಗೆ ಏನು ಕಷ್ಟ?

ಮೊನ್ನೆ ಎದುರುಮನೆಗೆ ಹೊಸ ಸಂಪರ್ಕ ಬಂತು. ಹುಡುಗ ಏಣಿಯಿಂದ ಇಳಿದು, ‘ಅಕ್ಕಾ, ನಿಮ್ಮ ಮೊಬೈಲ್ ನಂಬರ್ ಹೇಳಿ’ ಎಂದದ್ದು ನಮ್ಮ ಕಟ್ಟೆಯವರೆಗೂ ಕೇಳಿಸಿತು. ನಾನು ಚಪ್ಪಲಿ ಮೆಟ್ಟಿಕೊಂಡು ಎದ್ದೆ.

— ಖಜಾನೆ ಇಲಾಖೆಯ ನಿವೃತ್ತ ನೌಕರ, ಬ್ರಹ್ಮಪುರ, ಕಲಬುರಗಿ