ಕೆನ್ನೆಯ ಕೆಂಪು: ಮಗಳಿಗೊಂದು ಪತ್ರ

ಚಿರಂಜೀವಿ ಸುಮಾಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ.

ನಿನ್ನ ಮುಖ ಕೆಂಪೇರಿ ಉರಿಯುತ್ತಿರುವುದಕ್ಕೆ ಉಷ್ಣವೇ ಕಾರಣವೆಂದು ಅಮ್ಮ ದಿನವೂ ಎಳನೀರು ಕುಡಿಸುತ್ತಿದ್ದಾಳೆಂದು ತಿಳಿಯಿತು. ಎಳನೀರು ಕುಡಿ, ಕೆಡುಕೇನಿಲ್ಲ. ಆದರೆ ಬಂಗು ಹೋಗಲೆಂದು ಎಂಟು ತಿಂಗಳಿಂದ ನೀನು ಹಚ್ಚುತ್ತಿದ್ದ ಟ್ಯೂಬಿನ ಮೇಲಿನ ಸಣ್ಣಕ್ಷರಗಳನ್ನು, ನೀನು ಕಳಿಸಿದ ಚಿತ್ರದಲ್ಲಿ ದೊಡ್ಡದು ಮಾಡಿಕೊಂಡು ಓದಿದೆ. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್ ಎಂಬ ಮೂರು ಹೆಸರುಗಳಲ್ಲಿ ಕೊನೆಯದು ಸ್ಟಿರಾಯ್ಡ್, ಅಂದರೆ ಚರ್ಮದ ಊತ, ಕೆಂಪು, ತುರಿಕೆಗಳನ್ನು ತಗ್ಗಿಸುವ ಬಲವಾದ ಮದ್ದು.

ಸ್ಟಿರಾಯ್ಡ್ ಮುಲಾಮು ಚರ್ಮದ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಅದು ಚರ್ಮವನ್ನು ಎಷ್ಟು ಬಿಳಿಚುವಂತೆ ಮಾಡುತ್ತದೆ ಎಂಬುದನ್ನು ನೋಡಿಯೇ ಅದರ ಬಲವನ್ನು ಅಳೆಯುವ ಪರೀಕ್ಷೆಯೊಂದು 1962ರಿಂದ ಬಳಕೆಯಲ್ಲಿದೆ. ಮೊದಲ ವಾರಗಳಲ್ಲಿ ಕನ್ನಡಿಯಲ್ಲಿ ನಿನಗೆ ಕಂಡ ಬಿಳುಪಿನಲ್ಲಿ ಈ ಕುಗ್ಗುವಿಕೆಯ ಪಾಲೂ ಇತ್ತು. ತಿಂಗಳುಗಟ್ಟಲೆ ಹಚ್ಚಿದಾಗ ಚರ್ಮ ತೆಳುವಾಗುತ್ತದೆ, ನಾಳಗಳು ಆ ಮದ್ದಿಗೆ ಒಗ್ಗಿಹೋಗುತ್ತವೆ. ಒಂದು ದಿನ ಅದನ್ನು ಬಿಟ್ಟರೆ ಅವು ಒಮ್ಮೆಲೇ ಹಿಗ್ಗಿ, ರಕ್ತ ತುಂಬಿ, ಬಿಸಿಲಿಗೂ ಒಲೆಯ ಶಾಖಕ್ಕೂ ಮುಖ ಕೆಂಡದಂತಾಗುತ್ತದೆ. ಉರಿ ತಾಳಲಾರದೆ ನೀನು ಮತ್ತೆ ಅದನ್ನೇ ಹಚ್ಚಿದೆ, ಅದು ತಣಿಯಿತು, ಹಾಗಾಗಿ ಅದೇ ಔಷಧಿಯೆಂದು ನಂಬಿದೆ. ಇದೇ ಅದರ ಬಲೆ. ಚರ್ಮವೈದ್ಯರು ಇದನ್ನು ಸ್ಟಿರಾಯ್ಡ್‌ನಿಂದ ಕೆಟ್ಟ ಮುಖವೆಂದೇ ಕರೆಯುತ್ತಾರೆ.

2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟಿರಾಯ್ಡ್‌ಗಳ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಬಿಗಿ ಮಾಡಿತು. ಅದಕ್ಕೆ ಮೊದಲು ನನ್ನ ಔಷಧಿ ಅಂಗಡಿಯಲ್ಲೂ, ಮದುವೆ ಗೊತ್ತಾದ ಹೆಣ್ಣುಮಕ್ಕಳು ಕೇಳಿದರೆಂದು, ನಾನು ಇವನ್ನು ಯೋಚಿಸದೆ ಕೊಟ್ಟವನೇ. ಆದ್ದರಿಂದ ನಿನ್ನನ್ನು ಬೈಯುವ ಹಕ್ಕು ನನಗಿಲ್ಲ.

ಒಂದು ಸಣ್ಣ ಪರೀಕ್ಷೆ ಮಾಡಿ ನೋಡು. ಪಾರದರ್ಶಕ ಗಾಜಿನ ಲೋಟದ ಬದಿಯನ್ನು ಕೆಂಪಾದ ಜಾಗಕ್ಕೆ ಮೆಲ್ಲಗೆ ಒತ್ತಿದಾಗ ಬಣ್ಣ ಮಾಯವಾದರೆ ರಕ್ತ ನಾಳದೊಳಗೇ ಇದೆಯೆಂದು ತಿಳಿ. ಮಾಯವಾಗದಿದ್ದರೆ ಅದು ನಾಳದಿಂದ ಹೊರಗೆ ಸೋರಿದೆಯೆಂಬ ಅನುಮಾನಕ್ಕೆ ಎಡೆಯಿದೆ, ಅದರ ಜೊತೆಗೆ ಜ್ವರವೂ ಬಂದರೆ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ನಮ್ಮಂಥ ಕಪ್ಪು ಮೈಬಣ್ಣದವರಲ್ಲಿ ಕೆಂಪು ಹಲವು ಸಲ ಕಂದಾಗಿಯೋ ನೇರಳೆಯಾಗಿಯೋ ಕಾಣುವುದರಿಂದ, ಮುಂಗೈಯನ್ನು ಕೆನ್ನೆಗಿಟ್ಟು ಬಿಸಿಯನ್ನೂ ನೋಡಬೇಕು.

ಟ್ಯೂಬನ್ನು ಎಸೆಯಬೇಡ, ಚರ್ಮರೋಗ ತಜ್ಞರಿಗೆ ತೋರಿಸಲು ಚೀಲದಲ್ಲಿಡು. ಒಮ್ಮೆಗೇ ಬಿಡಬೇಕೋ, ಹಂತಹಂತವಾಗಿ ತಗ್ಗಿಸಬೇಕೋ ಎಂಬುದನ್ನು ಅವರೇ ನಿರ್ಧರಿಸಲಿ. ಅಲ್ಲಿಯವರೆಗೆ ನಿಂಬೆರಸ, ಅರಿಶಿನ, ಬ್ಲೀಚ್ ಯಾವುದನ್ನೂ ಮುಖಕ್ಕೆ ಮುಟ್ಟಿಸಬೇಡ. ತಣ್ಣೀರಿನಲ್ಲಿ ಅದ್ದಿದ ಹತ್ತಿಬಟ್ಟೆ ಸಾಕು. ಗುಣವಾಗಲು ತಿಂಗಳುಗಳೇ ಹಿಡಿಯಬಹುದು, ನಡುವೆ ಉರಿ ಹೆಚ್ಚಲೂಬಹುದು. ಕೆನ್ನೆ ಕೆಂಪಾಗಿಯೇ ನಿಶ್ಚಿತಾರ್ಥವಾದರೆ ಆಗಲಿ. ಹುಡುಗನ ಮನೆಯವರಿಗೆ ನಾನೇ ಹೇಳುತ್ತೇನೆ.

ನಿನ್ನ ದೊಡ್ಡಪ್ಪ