ಒಟ್ಟು ಹೊಂದಿದರೆ ಸಾಲದು, ಸಾಲು ಸಾಲೂ ತಾಳೆಯಾಗಲಿ

ಸಂಪಾದಕರಿಗೆ,

ಮಾನ್ಯರೇ,

2025ರ ಮಾರ್ಚ್ 5, ಬುಧವಾರ. ನಮ್ಮವ್ವ ಒಂದು ವರ್ಷಕ್ಕೆ ಇಟ್ಟಿದ್ದ ಠೇವಣಿ ಅವತ್ತಿಗೆ ಮುಗಿಯುತ್ತಿತ್ತು. 80 ಸಾವಿರ ರೂಪಾಯಿ. ಜಗಳೂರು ಕಡೆಯ ನಮ್ಮೂರ ಮನೆಯ ಮಾಳಿಗೆಯನ್ನು ಮಳೆಗಾಲಕ್ಕೆ ಮುಂಚೆ ಸರಿ ಮಾಡಿಸಬೇಕು ಅಂತ ಗಾರೆ ಕೆಲಸದವರಿಗೆ ಮಾತು ಕೊಟ್ಟಿದ್ದಳು. ಬಾಂಡ್ ಹಿಡಿದು ಸೊಸೈಟಿಗೆ ಹೋದಳು. ಕೌಂಟರಿನ ಹುಡುಗ ಕಂಪ್ಯೂಟರ್ ನೋಡಿ, "ಅಮ್ಮಾ, ನಿಮ್ಮದು ಇನ್ನೂ ಮುಗಿದಿಲ್ಲ. ಮೇ 3ಕ್ಕೆ ಬರ್ರಿ. ಈಗಲೇ ಬೇಕಂದ್ರೆ ಬಡ್ಡಿ ಕಡಿಮೆ ಆಗ್ತತಿ" ಅಂದ.

ಅವ್ವ ಸುಮ್ಮನೆ ವಾಪಸ್ ಬಂದಳು. ಕಂಪ್ಯೂಟರ್ ಹೇಳಿದ ಮೇಲೆ ತನ್ನ ಲೆಕ್ಕವೇ ತಪ್ಪಿರಬೇಕು ಅಂದುಕೊಂಡಿದ್ದಳು. ಸಂಜೆ ನಾನು ಬಾಂಡ್ ತೆಗೆದು ನೋಡಿದೆ. ನೀಲಿ ಶಾಯಿಯಲ್ಲಿ, ದುಂಡಗಿನ ಅಕ್ಷರದಲ್ಲಿ 5-3-2024 ಅಂತ ಬರೆದಿತ್ತು. ಹೊಸ ಪಾಸ್‌ಬುಕ್ಕಿನಲ್ಲಿ ಅಚ್ಚಾಗಿದ್ದದ್ದು 03-05-2024.

ನಾನು ಹದಿನಾಲ್ಕು ವರ್ಷದಿಂದ ಡೇಟಾಬೇಸ್ ಕೆಲಸ ಮಾಡುತ್ತಿದ್ದೇನೆ. ಮೊದಲು ಬೆಂಗಳೂರಿನಲ್ಲಿ, ಈಗ ಇಲ್ಲೇ ವಿದ್ಯಾನಗರದ ಮನೆಯಿಂದ. ಹಳೆಯ ಡೇಟಾಬೇಸಿನ ಮಾಹಿತಿಯನ್ನು ಹೊಸದಕ್ಕೆ ಸಾಗಿಸುವುದು, ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡುವುದು, ಇದೇ ನನ್ನ ಹೊಟ್ಟೆಪಾಡು. ಆ ಎರಡು ತಾರೀಖು ನೋಡಿದ ಕೂಡಲೇ ಏನಾಗಿದೆ ಅಂತ ಗೊತ್ತಾಯಿತು.

ಸೊಸೈಟಿಯವರು ಅದಕ್ಕೆ ಕೆಲವು ತಿಂಗಳ ಹಿಂದೆ ಸಾಫ್ಟ್‌ವೇರ್ ಬದಲಾಯಿಸಿದ್ದರು. ಹಾಗೆ ಬದಲಾಯಿಸುವಾಗ ಹಳೆಯದರಿಂದ ಪಟ್ಟಿ ತೆಗೆದು ನಡುವೆ ಎಕ್ಸೆಲ್‌ಗೆ ಹಾಕುವುದು ರೂಢಿ. ಆ ಕಂಪ್ಯೂಟರ್ ಅಮೆರಿಕದ ಪದ್ಧತಿಗೆ ಹೊಂದಿಸಿದ್ದಾಗಿದ್ದರೆ ಎಕ್ಸೆಲ್ ಮೊದಲ ಅಂಕಿಯನ್ನು ತಿಂಗಳು ಅಂತ ಓದುತ್ತೆ. ನಾವು ದಿನ ಮೊದಲು ಬರೆಯುತ್ತೇವೆ. ನಮ್ಮ 05/03 ಅದಕ್ಕೆ ಮೇ 3. ಸರಿ, 18/03 ಬಂದರೆ? ಹದಿನೆಂಟನೇ ತಿಂಗಳು ಇಲ್ಲವಲ್ಲ. ಆಗ ಅದನ್ನು ತಾರೀಖು ಅಂತ ಒಪ್ಪದೆ ಬರೀ ಅಕ್ಷರ ಅಂತ ಹಾಗೇ ಬಿಟ್ಟುಬಿಡುತ್ತೆ. ಹೊಸ ಸಾಫ್ಟ್‌ವೇರ್ ಅದನ್ನು ನಮ್ಮ ಪದ್ಧತಿಯಲ್ಲೇ ಸರಿಯಾಗಿ ಓದಿಕೊಳ್ಳುತ್ತೆ. ಹಾಗಾಗಿ ತಿಂಗಳ 13ರಿಂದ ಆಚೆಗಿನ ತಾರೀಖುಗಳು ಸರಿ, 1ರಿಂದ 12ರವರೆಗಿನವು ತಿರುಗುಮುರುಗು. 1-1, 2-2 ಅಂತ 12-12ರವರೆಗೆ ಹನ್ನೆರಡು ದಿನ ತಿರುಗಿಸಿದರೂ ಅದೇ ಬರುತ್ತೆ. ಅವನ್ನು ಬಿಟ್ಟು ಲೆಕ್ಕ ಹಾಕಿದರೆ ವರ್ಷಕ್ಕೆ 132 ದಿನ. ಆ 132 ದಿನಗಳಲ್ಲಿ ಯಾವತ್ತೇ ಠೇವಣಿ ಇಟ್ಟಿದ್ದರೂ ಅವರ ತಾರೀಖು ಕೆಟ್ಟಿರುವ ಸಾಧ್ಯತೆ ಇದೆ.

ಮರುದಿನ ಅವ್ವನ ಜೊತೆ ನಾನೂ ಹೋದೆ. ಕಾರ್ಯದರ್ಶಿಯವರು ಒಳ್ಳೆಯ ಮನುಷ್ಯರು. ಬಾಂಡ್ ನೋಡಿದವರೇ ತಪ್ಪು ಒಪ್ಪಿಕೊಂಡು, ಪೂರ್ತಿ ಬಡ್ಡಿ ಹಾಕಿ ದುಡ್ಡು ಕೊಡಿಸಿದರು. "ಉಳಿದವರದ್ದು?" ಅಂತ ಕೇಳಿದೆ. "ನಾವು ತಾಳೆ ನೋಡಿದ್ದೀವಿ ಮೇಡಂ" ಅಂತ ಒಂದು ಹಾಳೆ ತೋರಿಸಿದರು. ಹಳೆಯದರಲ್ಲಿ ಎಷ್ಟು ಠೇವಣಿ, ಹೊಸದರಲ್ಲಿ ಎಷ್ಟು. ಎರಡೂ ಒಂದೇ. ಒಟ್ಟು ರೂಪಾಯಿ ಎಷ್ಟು. ಪೈಸೆ ಸಮೇತ ಒಂದೇ. ಅದರ ಮೇಲೆ ಹತ್ತು ಖಾತೆ ಆರಿಸಿ ಕಣ್ಣಾರೆ ನೋಡಿ ಸಹಿ ಹಾಕಿದ್ದರು. ಆ ಹತ್ತರ ತಾರೀಖು ನಾನು ಓದಿದೆ. ಎಲ್ಲವೂ ತಿಂಗಳ ಕೊನೆಯ ವಾರದವು. ರಿಜಿಸ್ಟರಿನ ಕೊನೆಯ ಪುಟದಿಂದ ತೆಗೆದುಕೊಂಡಿದ್ದರು, ಅಷ್ಟೇ. ಅವರು ಕೆಲಸಗಳ್ಳತನ ಮಾಡಿರಲಿಲ್ಲ. ಆದರೆ ತಾರೀಖು ಎಣಿಕೆಯಲ್ಲೂ ಸಿಗುವುದಿಲ್ಲ, ಕೂಡಿದ ಮೊತ್ತದಲ್ಲೂ ಸಿಗುವುದಿಲ್ಲ.

ಕೊನೆಗೆ ಅವರು ಹೇಳಿದ್ದು, "ಬಂದವರದ್ದು ಬಾಂಡ್ ನೋಡಿ ಸರಿ ಮಾಡಿ ಕೊಡ್ತೀವಿ."

ಈ ಪತ್ರ ಬರೆಯುವುದಕ್ಕೆ ಆ ಮಾತೇ ಕಾರಣ. ಬರದವರ ಗತಿ ಏನು? ಅವ್ವನ ಹಾಗೆ ಸುಮ್ಮನೆ ವಾಪಸ್ ಹೋದವರು ಎಷ್ಟು ಜನ? ಎಲ್ಲರ ಮನೆಯಲ್ಲೂ ಈ ಕೆಲಸ ಬಲ್ಲ ಮಗಳು ಇರುವುದಿಲ್ಲ ಅಲ್ವಾ. ಬಾಂಡ್ ಕಳೆದುಕೊಂಡವರು ಏನು ತೋರಿಸಬೇಕು?

ನಮ್ಮಪ್ಪ ದಾವಣಗೆರೆ ಎಪಿಎಂಸಿಯ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ಮೆಕ್ಕೆಜೋಳದ ಸೀಜನ್ನಿನಲ್ಲಿ ರಾತ್ರಿ ಹತ್ತಾದರೂ ಮನೆಗೆ ಬರುತ್ತಿರಲಿಲ್ಲ. ಬುತ್ತಿ ಕೊಡಲು ಹೋದಾಗ ನಾನು ಗಾದಿಯ ಮೂಲೆಯಲ್ಲಿ ಕೂತು ನೋಡುತ್ತಿದ್ದೆ. ಹಗಲೆಲ್ಲ ಕಿರ್ದಿಯಲ್ಲಿ ಬರೆದದ್ದನ್ನು ಸಂಜೆ ಒಬ್ಬೊಬ್ಬ ರೈತನ ಖಾತೆಗೆ ಎತ್ತಿ ಬರೆಯುತ್ತಿದ್ದರು. ಅದಾದ ಮೇಲೆ ಇಬ್ಬರು ಎದುರುಬದುರು ಕೂರಬೇಕು. ಒಬ್ಬರು ಕಿರ್ದಿ ನೋಡಿ ಗಟ್ಟಿಯಾಗಿ ಓದುವುದು: ಊರು, ಹೆಸರು, ತಂದೆ ಹೆಸರು, ಚೀಲ, ರೂಪಾಯಿ. ಇನ್ನೊಬ್ಬರು ಖಾತೆಯಲ್ಲಿ ಅದೇ ಸಾಲಿನ ಮೇಲೆ ಬೆರಳಿಟ್ಟು, ಸರಿ ಇದ್ದರೆ ಕೆಂಪು ಪೆನ್ಸಿಲಿನಲ್ಲಿ ಚುಕ್ಕೆ ಇಡುವುದು. ಎಷ್ಟೇ ಹೊತ್ತಾಗಲಿ, ಕೊನೆಯ ಚುಕ್ಕೆ ಬೀಳುವವರೆಗೆ ಅಂಗಡಿ ಬಾಗಿಲು ಹಾಕುತ್ತಿರಲಿಲ್ಲ.

ಒಂದು ದಿನ ಜಮಾ ಖರ್ಚು ಎರಡೂ ಸರಿಯಾಗಿ ಕೂಡಿತ್ತು. ಜೊತೆಗಿದ್ದ ಗುಮಾಸ್ತರು ಇವತ್ತು ಓದುವುದು ಬೇಡ ಅಂದರು. ಅಪ್ಪ ಬಿಡಲಿಲ್ಲ. ಓದುತ್ತಾ ಹೋದಾಗ ಐನೂರು ರೂಪಾಯಿಯ ಒಂದು ಜಮಾ ಸಿಕ್ಕಿತು. ಒಂದೇ ಊರಿನ, ಒಂದೇ ಹೆಸರಿನ ಇಬ್ಬರು ರೈತರು. ಒಬ್ಬನ ದುಡ್ಡು ಇನ್ನೊಬ್ಬನ ಖಾತೆಗೆ ಹೋಗಿತ್ತು. ಒಟ್ಟಿನಲ್ಲಿ ಅದು ಯಾವತ್ತೂ ಗೊತ್ತಾಗುತ್ತಿರಲಿಲ್ಲ.

ನಾನು ಇವತ್ತು ಮಾಡುವುದೂ ಅದೇ ಕೆಲಸ. ಓದುವುದಕ್ಕೆ ಇಬ್ಬರು ಬೇಕಿಲ್ಲ, ಯಂತ್ರ ಇದೆ. ಒಂದು ಸಾಲಿನಲ್ಲಿರುವ ಖಾತೆ ನಂಬರು, ಹೆಸರು, ತಾರೀಖು, ಮೊತ್ತ, ಬಡ್ಡಿ ದರ, ನಾಮಿನಿ ಎಲ್ಲವನ್ನೂ ಒಟ್ಟಿಗೆ ಜೋಡಿಸಿ ಅದರಿಂದ ಒಂದು ಗುರುತು ಮಾಡುತ್ತೇವೆ. ಹ್ಯಾಶ್ ಅಂತ ಕರೆಯುತ್ತಾರೆ. ಎಂಡಿ5 ಅನ್ನುವ ವಿಧಾನದಲ್ಲಿ ಆ ಗುರುತು 32 ಅಕ್ಷರದ್ದು. ಸಾಲಿನಲ್ಲಿ ಒಂದು ಅಂಕಿ ಬದಲಾದರೂ ಇಡೀ ಗುರುತು ಬೇರೆಯಾಗುತ್ತೆ. ಹಳೆಯ ಕಡೆ ಒಂದು ಗುರುತು, ಹೊಸ ಕಡೆ ಒಂದು. ಎರಡೂ ಒಂದೇ ಇದ್ದರೆ ಚುಕ್ಕೆ. ಇಲ್ಲದಿದ್ದರೆ ಆ ಸಾಲು ಪಕ್ಕಕ್ಕೆ. ಕೋಟಿಗಟ್ಟಲೆ ಸಾಲುಗಳಿದ್ದರೆ ಸಾವಿರ ಸಾವಿರದ ಕಟ್ಟು ಮಾಡಿ ಕಟ್ಟಿಗೊಂದು ಗುರುತು ಹಾಕುತ್ತೇವೆ. ಯಾವ ಕಟ್ಟು ಹೊಂದುವುದಿಲ್ಲವೋ ಅದನ್ನು ಮಾತ್ರ ಬಿಚ್ಚಿ ನೋಡಿದರೆ ಸಾಕು. ಒಂದು ಸೊಸೈಟಿಯ ಕೆಲವು ಸಾವಿರ ಸದಸ್ಯರಿಗೆ ಇದು ಕೆಲವೇ ನಿಮಿಷದ ಕೆಲಸ.

ಒಂದು ಎಚ್ಚರಿಕೆ ಮಾತ್ರ ಬೇಕು. ಗುರುತು ಹಾಕುವ ಮುಂಚೆ ಎರಡೂ ಕಡೆ ಬರವಣಿಗೆ ಒಂದೇ ರೀತಿ ಇರಬೇಕು. ತಾರೀಖು ಒಂದೇ ಕ್ರಮದಲ್ಲಿ ಇರಬೇಕು. ಖಾಲಿ ಬಿಟ್ಟದ್ದು ಬೇರೆ, ಸೊನ್ನೆ ಬರೆದದ್ದು ಬೇರೆ. ನಾಮಿನಿ ಇಲ್ಲ ಅನ್ನುವುದಕ್ಕೂ ನಾಮಿನಿ ಯಾರೆಂದು ಬರೆದುಕೊಂಡಿಲ್ಲ ಅನ್ನುವುದಕ್ಕೂ ವ್ಯತ್ಯಾಸ ಇದೆ. ತಾಳೆ ನೋಡುವ ಹೊತ್ತಿನಲ್ಲಿ ಹಳೆಯದರಲ್ಲಿ ಹೊಸ ಎಂಟ್ರಿ ಹಾಕುವುದನ್ನು ನಿಲ್ಲಿಸಿರಬೇಕು.

ನಮ್ಮ ಕನ್ನಡದ ಪಾಡು ಇನ್ನೂ ಜಾಸ್ತಿ. ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಹೆಸರು ಪರದೆಯ ಮೇಲೆ ಕನ್ನಡದಂತೆ ಕಂಡರೂ ಯಂತ್ರದ ಒಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಹೊಸ ಸಾಫ್ಟ್‌ವೇರ್ ಯೂನಿಕೋಡ್ ಕೇಳುತ್ತೆ, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಇರುವ ಪದ್ಧತಿ. ಪರಿವರ್ತನೆ ಮಾಡುವಾಗ ಮೊದಲು ಏಟು ತಿನ್ನುವುದು ಅರ್ಕಾವತ್ತು. ನಾವು ಅದನ್ನು ಅಕ್ಷರಕ್ಕೆ ಮೊದಲು ಉಚ್ಚರಿಸಿ, ಅಕ್ಷರ ಆದ ಮೇಲೆ ಬರೆಯುತ್ತೇವೆ. ಹಳೆಯ ಫಾಂಟಿನಲ್ಲಿ ಅದು ಬರೆದ ಜಾಗದಲ್ಲೇ ಇರುತ್ತೆ, ಯೂನಿಕೋಡಿನಲ್ಲಿ ಉಚ್ಚಾರದ ಕ್ರಮದಲ್ಲಿ ಇರುತ್ತೆ.

ಅದು ಸರಿಹೋದರೆ ಮುಂದೆ ಜಾಗದ ತೊಂದರೆ. ಯಂತ್ರ ಜಾಗವನ್ನು ಬೈಟ್ ಲೆಕ್ಕದಲ್ಲಿ ಅಳೆಯುತ್ತೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಯೂನಿಕೋಡನ್ನು ಯಂತ್ರದಲ್ಲಿ ಕೂಡಿಡುವ ಯುಟಿಎಫ್-8 ಅನ್ನುವ ವಿಧಾನದ ಲೆಕ್ಕದಲ್ಲಿ ಕನ್ನಡದ ಪ್ರತಿಯೊಂದು ಚಿಹ್ನೆಗೂ ಮೂರು ಬೈಟ್ ಬೇಕು. ಅಕ್ಷರ, ಗುಣಿತ, ಒತ್ತಿಗೆ ಹಾಕುವ ಹಲಂತ ಎಲ್ಲವೂ ಬೇರೆ ಬೇರೆ ಚಿಹ್ನೆ. ಮಲ್ಲಿಕಾರ್ಜುನಪ್ಪ ಅನ್ನುವ ಹೆಸರು ಬರೆದು ಎಣಿಸಿ, 15 ಚಿಹ್ನೆ, 45 ಬೈಟ್. ಹೆಸರಿನ ಅಂಕಣಕ್ಕೆ 30 ಬೈಟ್ ಮಾತ್ರ ಇಟ್ಟಿದ್ದರೆ ಹಿಡಿಸುವುದು ಮೊದಲ ಹತ್ತು ಚಿಹ್ನೆ: ಮಲ್ಲಿಕಾರ್ಜ. ಇನ್ನು ಮಲ್ಲಿಕಾರ್ಜುನಯ್ಯ, ಮಲ್ಲಿಕಾರ್ಜುನಸ್ವಾಮಿ? ಅವರೂ ಮಲ್ಲಿಕಾರ್ಜ. ನಮ್ಮ ಸೀಮೆಯಲ್ಲಿ ಈ ಹೆಸರು ಓಣಿಗೆ ಇಬ್ಬರು ಮೂವರಿಗೆ ಇರುತ್ತೆ. ಅಪ್ಪನ ಖಾತೆ ಪುಸ್ತಕದ ಆ ಇಬ್ಬರು ರೈತರು ನೆನಪಾಗುವುದು ಇಂಥ ಕಡೆಯೇ.

ಊರ ವಿಳಾಸದಲ್ಲೂ ಇದೇ ಕಥೆ. ನಮ್ಮ ದಾವಣಗೆರೆ 1997ರಲ್ಲಿ ಜಿಲ್ಲೆಯಾಯಿತು. ಅದಕ್ಕೆ ಮುಂಚಿನ ಸದಸ್ಯರ ದಾಖಲೆಯಲ್ಲಿ ಜಿಲ್ಲೆ ಚಿತ್ರದುರ್ಗ ಅಂತಲೇ ಇರುತ್ತೆ. ಹರಪನಹಳ್ಳಿಯವರದ್ದಂತೂ ಮೊದಲು ಬಳ್ಳಾರಿ, 1997ರಿಂದ ದಾವಣಗೆರೆ, ಆಮೇಲೆ ಮತ್ತೆ ಬಳ್ಳಾರಿ, 2021ರಿಂದ ವಿಜಯನಗರ. ಜಿಲ್ಲೆಯ ಕೋಡ್ ಬದಲಾಯಿಸುವಾಗ ಯಾವುದನ್ನು ಯಾವುದಕ್ಕೆ ಹೊಂದಿಸಿದಿರಿ ಅಂತ ಬರೆದಿಡದಿದ್ದರೆ ನಾಳೆ ಯಾರಿಗೂ ಗೊತ್ತಾಗುವುದಿಲ್ಲ.

ಇದು ಸಣ್ಣ ಊರಿನ, ಸಣ್ಣ ಸಂಘದ ಸಮಸ್ಯೆ ಮಾತ್ರ ಅಂತ ಯಾರೂ ತಿಳಿಯಬಾರದು. ಜಗತ್ತಿನ ಸಾಫ್ಟ್‌ವೇರ್ ಬರೆಯುವವರಲ್ಲಿ ಬಹಳ ಜನ ತಮ್ಮ ಕೆಲಸ ಇಡುವ ಗಿಟ್‌ಹಬ್ ಸಂಸ್ಥೆಗೆ 2018ರ ಅಕ್ಟೋಬರ್ 21ರಂದು ಹೀಗೇ ಆಯಿತು. ಅಮೆರಿಕದ ಪೂರ್ವ ಕರಾವಳಿಯಲ್ಲಿ ಅವರ ನೆಟ್‌ವರ್ಕ್ ಉಪಕರಣ ಬದಲಾಯಿಸುವಾಗ 43 ಸೆಕೆಂಡು ಸಂಪರ್ಕ ಕಡಿಯಿತು. ಅವರ ಡೇಟಾಬೇಸಿನ ಪ್ರತಿಗಳು ಪೂರ್ವ ಮತ್ತು ಪಶ್ಚಿಮ ಎರಡೂ ಕಡೆ ಇದ್ದವು. ಆ ಗೊಂದಲದಲ್ಲಿ ಇಲ್ಲಿ ಬರೆದದ್ದು ಅಲ್ಲಿಲ್ಲ, ಅಲ್ಲಿ ಬರೆದದ್ದು ಇಲ್ಲಿಲ್ಲ ಅನ್ನುವಂತಾಯಿತು. ಅವರು ಅವಸರ ಮಾಡಲಿಲ್ಲ. ಸೇವೆ ಕುಂಟಿದರೂ ಪರವಾಗಿಲ್ಲ, ಬಳಕೆದಾರರ ಮಾಹಿತಿ ಕೆಡಬಾರದು ಅಂತ ನಿರ್ಧರಿಸಿ 24 ಗಂಟೆ 11 ನಿಮಿಷ ತೆಗೆದುಕೊಂಡು ಸರಿಪಡಿಸಿದರು. ಏನಾಯಿತು ಅಂತ ನಿಮಿಷ ನಿಮಿಷದ ವಿವರವನ್ನು ಎಲ್ಲರೂ ಓದುವಂತೆ ಪ್ರಕಟಿಸಿದರು. ಅದನ್ನು ಓದಿದಾಗ ನನಗೆ ಕೆಂಪು ಪೆನ್ಸಿಲ್ ಹಿಡಿದ ಅಪ್ಪನೇ ಕಣ್ಣ ಮುಂದೆ ಬಂದರು.

ಈಗ ಇದನ್ನು ಹೇಳಲು ಕಾರಣ ಇದೆ. ಹಳ್ಳಿಗಳ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳನ್ನು ಕಂಪ್ಯೂಟರಿಗೆ ತರುವ ಯೋಜನೆಗೆ ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. 63 ಸಾವಿರ ಸಂಘ, 2,516 ಕೋಟಿ ರೂಪಾಯಿ. ಒಳ್ಳೆಯ ಕೆಲಸ, ನಾನು ಮನಸಾರೆ ಒಪ್ಪುತ್ತೇನೆ. ಬೆಳೆ ಸಾಲ ಎಷ್ಟು ತೀರಿಸಿದ್ದೇನೆ ಅಂತ ರೈತನಿಗೆ ಕೂಡಲೇ ಗೊತ್ತಾಗಬೇಕು. ಆದರೆ ಅಲ್ಲಿ ಹಳೆಯದು ಅಂದರೆ ಕಂಪ್ಯೂಟರ್ ಅಲ್ಲ, ಎಷ್ಟೋ ಕಡೆ ಕೈಬರಹದ ಪುಸ್ತಕ. ಕೈಯಿಂದ ಟೈಪ್ ಮಾಡಿ ತುಂಬಬೇಕು. ಅಲ್ಲಿ ಹ್ಯಾಶ್ ನಡೆಯುವುದಿಲ್ಲ, ಇಬ್ಬರು ಕೂತು ಓದಲೇಬೇಕು. ಅಥವಾ ಒಂದೇ ಪುಸ್ತಕವನ್ನು ಇಬ್ಬರು ಬೇರೆ ಬೇರೆಯಾಗಿ ಟೈಪ್ ಮಾಡಿ ಎರಡನ್ನೂ ಹೋಲಿಸಬೇಕು. ದುಡ್ಡು ಜಾಸ್ತಿ ಬೀಳುತ್ತೆ, ನಿಜ. ಆ ಖರ್ಚನ್ನು ಟೆಂಡರಿನಲ್ಲೇ ಸೇರಿಸಲಿ.

ಸಹಕಾರ ಇಲಾಖೆಯ ಅಧಿಕಾರಿಗಳಲ್ಲಿ ನನ್ನ ಬೇಡಿಕೆ ಇಷ್ಟೇ. ಸಾಫ್ಟ್‌ವೇರ್ ಬದಲಾಯಿಸಿದ ಸಂಘ ಒಟ್ಟು ಮೊತ್ತದ ಹಾಳೆ ಒಂದನ್ನೇ ತೋರಿಸಿದರೆ ಒಪ್ಪಬೇಡಿ. ಸಾಲು ಸಾಲಾಗಿ ತಾಳೆ ನೋಡಿದ ವರದಿ ಕೇಳಿ. ಎಷ್ಟು ಸಾಲು ಹೊಂದಲಿಲ್ಲ, ಯಾಕೆ, ಏನು ಸರಿ ಮಾಡಿದಿರಿ ಅನ್ನುವುದು ಸರ್ವ ಸದಸ್ಯರ ಸಭೆಯ ಮುಂದೆ ಬರಲಿ. ಪ್ರತಿ ಸದಸ್ಯರಿಗೂ ಒಂದು ಚೀಟಿ ಕೊಡಿ. ಎಡಗಡೆ ಹಳೆಯ ಲೆಕ್ಕ, ಬಲಗಡೆ ಹೊಸದು. ಹೆಸರು, ನಾಮಿನಿ, ತಾರೀಖು, ಮೊತ್ತ ಎಲ್ಲವೂ ಅದರಲ್ಲಿ ಇರಲಿ. ತನ್ನ ಮಗನ ಹೆಸರು ಅರ್ಧಕ್ಕೆ ಕತ್ತರಿಸಿದೆ ಅನ್ನುವುದನ್ನು ಯಾವ ಯಂತ್ರಕ್ಕಿಂತಲೂ ಮೊದಲು ತಾಯಿಯೇ ಕಂಡುಹಿಡಿಯುತ್ತಾಳೆ. ಹಳೆಯ ಡೇಟಾಬೇಸನ್ನು ಕಡೇಪಕ್ಷ ಒಂದು ಆಡಿಟ್ ಮುಗಿಯುವವರೆಗೆ ಓದುವುದಕ್ಕಷ್ಟೇ ತೆರೆದು ಇಟ್ಟಿರಿ.

ನಮ್ಮ ಸೊಸೈಟಿಯ ಕಾರ್ಯದರ್ಶಿಯವರಿಗೂ ಈ ಮೂಲಕ ಹೇಳುತ್ತೇನೆ. ತಿಂಗಳ 1ರಿಂದ 12ರೊಳಗಿನ ತಾರೀಖಿನ ಠೇವಣಿಗಳನ್ನು ಬೇರೆ ತೆಗೆಯುವುದು ಅರ್ಧ ಗಂಟೆಯ ಕೆಲಸ. ನಾನೇ ಒಂದು ಭಾನುವಾರ ಬಂದು ಮಾಡಿಕೊಡುತ್ತೇನೆ, ಒಂದು ರೂಪಾಯಿಯೂ ಬೇಡ. ನಿಮ್ಮ ಹಿಂದಿನ ಕೋಣೆಯಲ್ಲಿ, ಹಳೆಯ ರಿಜಿಸ್ಟರುಗಳ ಪಕ್ಕ, ಬಟ್ಟೆ ಮುಚ್ಚಿಟ್ಟ ಹಳೆಯ ಕಂಪ್ಯೂಟರ್ ಅವತ್ತು ನಾನು ನೋಡಿದೆ. ದಯವಿಟ್ಟು ಅಲ್ಲಿಯವರೆಗೆ ಅದನ್ನು ಗುಜರಿಗೆ ಹಾಕಬೇಡಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗರಲ್ಲೊಬ್ಬಳು,
ವಿದ್ಯಾನಗರ, ದಾವಣಗೆರೆ