ಹೆರದ ತಾಯಿಗೂ ಪುರವಣಿಯಲ್ಲಿ ಜಾಗ ಕೊಡಿ

ಸಂಪಾದಕರೇ,

ತಾಯಂದಿರ ದಿನದ ನಿಮ್ಮ ಪುರವಣಿ ಓದಿದೆ. ಚೆನ್ನಾಗಿತ್ತು, ಫೋಟೊ ಸ್ವಲ್ಪ ಜಾಸ್ತಿಯಾಯಿತು ಅಷ್ಟೇ. ಆದರೆ ಮೊದಲ ಪುಟದಿಂದ ಕೊನೆಯವರೆಗೆ ಬರೀ ಹೆತ್ತವರೇ. ನಾನು 31 ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದವಳು, ಮಕ್ಕಳಿಲ್ಲ. ಮದುವೆ ಮನೆಯಲ್ಲಿ ಪಕ್ಕದ ಎಲೆಯವರು "ಎಷ್ಟು ಮಕ್ಕಳು?" ಅಂತ ಕೇಳಿದರೆ "ಎಂಟನೇ ಕ್ಲಾಸು ಎ ಸೆಕ್ಷನ್ನಿನಲ್ಲಿ 42" ಅಂದು ಹೋಳಿಗೆಗೆ ಇನ್ನಷ್ಟು ತುಪ್ಪ ಹಾಕಿಸಿಕೊಳ್ಳುತ್ತಿದ್ದೆ.

ಇಸ್ರೇಲಿನಲ್ಲಿ ತಾಯಂದಿರ ದಿನ ಅಂತ ಆರಿಸಿಕೊಂಡದ್ದು ಮದುವೆಯನ್ನೇ ಆಗದ ಒಬ್ಬ ಹೆಂಗಸು ತೀರಿಕೊಂಡ ತಿಥಿಯನ್ನು, ಅವರ ಪಂಚಾಂಗದ ಶೆವಾತ್ ತಿಂಗಳ 30. ಈಗ ಅದನ್ನು ಕುಟುಂಬದ ದಿನ ಅನ್ನುತ್ತಾರೆ. ಆಕೆಯ ಹೆಸರು ಹೆನ್ರಿಯೆಟಾ ಝೋಲ್ಡ್. 1860ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಹುಟ್ಟಿದವರು, ಯಹೂದಿ ಗುರುಗಳೊಬ್ಬರ ಮಗಳು. ರಷ್ಯಾದಿಂದ ಓಡಿಬಂದ ಯಹೂದಿಗಳಿಗೆ ಇಂಗ್ಲಿಷ್ ಬಾರದೆ ಕೆಲಸ ಸಿಗುತ್ತಿರಲಿಲ್ಲ, ಅದಕ್ಕೆ 1889ರಲ್ಲೇ ಅವರಿಗಾಗಿ ರಾತ್ರಿ ಶಾಲೆ ಶುರುಮಾಡಿದರು.

1909ರಲ್ಲಿ ತಾಯಿಯ ಜೊತೆ ಪ್ಯಾಲೆಸ್ಟೀನಿಗೆ ಹೋದಾಗ ಮಕ್ಕಳ ನೋವು ಬಂದ ಕಣ್ಣಿನ ಮೇಲೆ ನೊಣ ಕೂತಿದ್ದನ್ನು ಇಬ್ಬರೂ ನೋಡಿದರು. ನಿಮ್ಮ ಹೆಂಗಸರ ಗುಂಪು ಸುಮ್ನೆ ಓದುತ್ತಾ ಕೂರುವ ಬದಲು ಇದಕ್ಕೇನಾದರೂ ಮಾಡಬಾರದಾ ಅಂತ ಕೇಳಿದ್ದು ಆ ತಾಯಿಯೇ. 1912ರಲ್ಲಿ ನ್ಯೂಯಾರ್ಕಿನಲ್ಲಿ ಹದಸ್ಸಾ ಅನ್ನುವ ಯಹೂದಿ ಹೆಂಗಸರ ಸಂಘ ಶುರುವಾಯಿತು. ಮರುವರ್ಷವೇ ಇಬ್ಬರು ನರ್ಸ್‌ಗಳು ಜೆರುಸಲೇಮಿಗೆ ಹೊರಟರು. ಇಬ್ಬರೇ! ಟ್ರಕೋಮಾ ಅನ್ನುವ ಕಣ್ಣಿನ ಸೋಂಕು ನೋಡುವುದು, ಬಾಣಂತಿಯರ ಮನೆಗೆ ಹೋಗುವುದು, ಇಷ್ಟೇ ಕೆಲಸ. 1918ರಲ್ಲಿ ಅಲ್ಲೇ ನರ್ಸಿಂಗ್ ಶಾಲೆ ತೆರೆದರು. ಆಮೇಲೆ ಶಾಲೆ ಮಕ್ಕಳಿಗೆ ಮಧ್ಯಾಹ್ನದ ಊಟ, ಹಸುಗೂಸುಗಳಿಗೆ ಕಾಯಿಸಿ ಶುದ್ಧ ಮಾಡಿದ ಹಾಲು. ಆ ಹಾಲನ್ನು ಕತ್ತೆಯ ಬೆನ್ನ ಮೇಲೆ ಹೇರಿ ಮನೆಮನೆಗೆ ಒಯ್ಯುತ್ತಿದ್ದರಂತೆ. ಆ ಕೇಂದ್ರಗಳಿಗೆ ತಿಪತ್ ಹಾಲಾವ್ ಅಂತ ಹೆಸರು, ಅಂದರೆ ಒಂದು ಹನಿ ಹಾಲು. ಇವತ್ತಿಗೂ ಅಲ್ಲಿನ ತಾಯಂದಿರು ಮಗುವಿಗೆ ಚುಚ್ಚುಮದ್ದು ಹಾಕಿಸಲು ಹೋಗುವ ಜಾಗದ ಹೆಸರು ಅದೇ.

ಆ ನೆಲದ ರಾಜಕೀಯ ಗೊತ್ತಿಲ್ಲದೆ ಬರೆಯುತ್ತಿಲ್ಲ. ಆಕೆ ಜಿಯೋನಿಸ್ಟ್, ಅಂದರೆ ಯಹೂದಿಗಳಿಗೆ ಆ ನೆಲದಲ್ಲಿ ತಮ್ಮದೇ ನೆಲೆ ಬೇಕು ಅನ್ನುವವರು. ಆದರೆ ಯಹೂದಿ, ಅರಬ್ ಇಬ್ಬರಿಗೂ ಸೇರಿ ಒಂದೇ ದೇಶ ಇರಲಿ ಅಂತ ಹೇಳಿ ತಮ್ಮವರ ಸಿಟ್ಟು ಕಟ್ಟಿಕೊಂಡವರೂ ಹೌದು.

ನನಗೆ ಆಕೆ ತುಂಬಾ ಇಷ್ಟವಾಗಿದ್ದು ಬೇರೆ ಕಾರಣಕ್ಕೆ. ಅವರ ಮನೆಯಲ್ಲಿ ಹುಟ್ಟಿದ 8 ಮಕ್ಕಳೂ ಹೆಣ್ಣೇ. ನಮ್ಮಲ್ಲಿ ಪಿಂಡ ಇಡಲು ಗಂಡು ಮಗ ಬೇಕು ಅಂತಾರಲ್ವಾ, ಅವರಲ್ಲಿ ಸತ್ತವರಿಗಾಗಿ ಹೇಳುವ ಕದ್ದಿಶ್ ಪ್ರಾರ್ಥನೆಯೂ ಹಾಗೇ, ಮಗ ಹೇಳುವ ರೂಢಿ. 1916ರಲ್ಲಿ ತಾಯಿ ತೀರಿಕೊಂಡಾಗ ಪರಿಚಯದ ಗಂಡಸೊಬ್ಬರು ತಾವೇ ಹೇಳುತ್ತೇವೆ ಅಂತ ಮುಂದೆ ಬಂದರು. ಝೋಲ್ಡ್ ಕಾಗದ ಬರೆದು ಅವರ ಒಳ್ಳೆಯತನಕ್ಕೆ ಧನ್ಯವಾದ ಹೇಳಿದರು, ಬೇಡ ಅಂದರು, ತಾವೇ ಹೇಳಿದರು. ನನ್ನ ಅಪ್ಪ ಹೋದಾಗ ಕರ್ಮ ಮಾಡಲು ದೂರದ ದಾಯಾದಿಯೊಬ್ಬರು ಬರಲಿ ಅಂತ ನಾವು ಮೂವರು ಹೆಣ್ಣುಮಕ್ಕಳು ಅಂಗಳದಲ್ಲಿ ಕಾದು ಕೂತಿದ್ದೆವು. ಆಗ ಈ ಕಾಗದದ ವಿಷಯ ಗೊತ್ತಿರಲಿಲ್ಲ.

70 ದಾಟಿದ ಮೇಲೆ ಕೈಗೆ ಬಂದ ಕೆಲಸ ಇನ್ನೂ ದೊಡ್ಡದು. ಹಿಟ್ಲರನ ಜರ್ಮನಿಯಿಂದ ಮಕ್ಕಳನ್ನು ದಾಟಿಸುವ ಯೋಜನೆಯನ್ನು ಬರ್ಲಿನ್ನಿನಲ್ಲಿ ರೇಖಾ ಫ್ರಾಯರ್ ಶುರುಮಾಡಿದ್ದರು. ಪ್ಯಾಲೆಸ್ಟೀನಿನ ಕಡೆಯ ಹೊಣೆ ಝೋಲ್ಡ್ ಹೊತ್ತರು, ಖರ್ಚಿಗೆ ಹದಸ್ಸಾದ ಹೆಂಗಸರು ಅಮೆರಿಕದಲ್ಲಿ ದುಡ್ಡು ಕೂಡಿಸಿದರು. 1934ರಲ್ಲಿ ಮೊದಲ ತಂಡ ಬಂದಾಗ ಈ ಮುದುಕಿ ಹೈಫಾ ಬಂದರಿಗೆ ಹೋಗಿ ನಿಂತಿದ್ದರು. ಹೀಗೆ ಉಳಿದವರು ಸಾವಿರಾರು ಮಕ್ಕಳು. ಎಷ್ಟೋ ಮಕ್ಕಳು ಅಪ್ಪ ಅಮ್ಮನನ್ನು ಮತ್ತೆ ನೋಡಲಿಲ್ಲ.

ಮುಂದಿನ ಮೇ ತಿಂಗಳ ಪುರವಣಿಯಲ್ಲಿ ಇಂಥವರಿಗೆ ಅರ್ಧ ಪುಟ ಇಡಿ. ಬರೆಯುವವರು ಸಿಗಲಿಲ್ಲ ಅಂದರೆ ನಾನೇ ಬರೆದುಕೊಡುತ್ತೇನೆ. ಕೈಬರಹ ಮಾತ್ರ ನೀವು ಸಹಿಸಿಕೊಳ್ಳಬೇಕು.

ಇತಿ,
ನಿವೃತ್ತ ಶಿಕ್ಷಕಿ, ಮೈಸೂರು